ಅತ್ತೆಯವರ ಗೊರಕೆ

ಎನ್.ಆರ್. ಕಾಲೋನಿಯಲ್ಲಿ ಒಂದು ಪದ್ಧತಿಯಿದೆ. ಸಂಜೆ ರಾಮಮಂದಿರದ ಹತ್ತಿರವೋ, ತರಕಾರಿ ಗಾಡಿಯ ಮುಂದೋ ಇಬ್ಬರು ಹೆಂಗಸರು ಎದುರಾದರೆ, ಕಾಫಿ ಆಯಿತೇ ಎಂಬ ಮೊದಲ ಪ್ರಶ್ನೆ ಮುಗಿದ ಕೂಡಲೇ ಬರುವ ಎರಡನೆಯ ಪ್ರಶ್ನೆ "ಮಗ ಎಲ್ಲಿದಾನೆ?" ಎಂಬುದು. ಎಲ್ಲಿದ್ದಾನೆ ಎಂದರೆ ಅಮೆರಿಕದ ಯಾವ ಊರಿನಲ್ಲಿದ್ದಾನೆ ಎಂದು ಅರ್ಥ. "ಇಲ್ಲೇ ಇದಾನೆ" ಎಂದರೆ ಕೇಳಿದವರ ಮುಖದಲ್ಲಿ ಸಣ್ಣದೊಂದು ಕನಿಕರ ಸುಳಿಯುತ್ತದೆ. ಮೂರನೆಯ ಪ್ರಶ್ನೆ, "ಏನು ಮಾಡ್ತಿದಾನೆ?" ಇದಕ್ಕೆ ನಾನು ಕೆಲವು ವರ್ಷ "ಸಿನಿಮಾದಲ್ಲಿ ಕೆಲಸ" ಎಂದು ಹೇಳಿ ನೋಡಿದೆ. ಹೀರೋನೇ? ಅಲ್ಲ. ಡೈರೆಕ್ಟರೇ? ಅಲ್ಲ. ಕ್ಯಾಮೆರಾನೇ? ಅದೂ ಅಲ್ಲ. ಒಂದು ದಿನ ಬೇಸತ್ತು "ಸದ್ದು ಮಾಡ್ತಾನೆ ಕಣ್ರೀ" ಎಂದುಬಿಟ್ಟೆ. ಆಕೆ ನನ್ನ ಕೈ ಹಿಡಿದುಕೊಂಡು, "ಹೋಗ್ಲಿ ಬಿಡಿ, ಚಿಕ್ಕೋನಾಗಿದ್ದಾಗ್ಲೂ ಬಹಳ ಗಲಾಟೆ ಮಾಡ್ತಿದ್ದ ಅಲ್ವೇ" ಎಂದು ಸಮಾಧಾನ ಹೇಳಿ ಹೋದರು.

ನಿಜ ಹೇಳಬೇಕೆಂದರೆ ಅವನು ಮಾಡುವ ಕೆಲಸ ನನಗೂ ಬಹಳ ದಿನ ಅರ್ಥವಾಗಿರಲಿಲ್ಲ. ದೊಡ್ಡ ಬಜೆಟ್ಟಿನ ಸಿನಿಮಾಗಳಲ್ಲಿ ರಾಕ್ಷಸರು, ಬೆಟ್ಟದಂಥ ಪ್ರಾಣಿಗಳು, ಹೆಸರೇ ಇಲ್ಲದ ಜಂತುಗಳು ಬರುತ್ತವಲ್ಲ, ಅವಕ್ಕೆ ದನಿ ಕೊಡುವ ಗುಂಪಿನಲ್ಲಿ ಅವನೊಬ್ಬ. ಈಗಿನ ರಾಕ್ಷಸರು ಕಂಪ್ಯೂಟರಿನೊಳಗೆ ಹುಟ್ಟುತ್ತಾರೆ. ಮೈಮೇಲಿನ ಒಂದೊಂದು ಕೂದಲನ್ನೂ ಎಣಿಸಿ ನೆಟ್ಟಿರುತ್ತಾರಂತೆ. ಆದರೆ ಎಷ್ಟು ಕೋಟಿ ಸುರಿದು ಹುಟ್ಟಿಸಿದರೂ ಆ ರಾಕ್ಷಸ ಹುಟ್ಟುಮೂಗ. ಬಾಯಿ ತೆರೆಯುತ್ತಾನೆ, ಸದ್ದಿಲ್ಲ, ಹೆಜ್ಜೆಯಿಡುತ್ತಾನೆ, ಸದ್ದಿಲ್ಲ. ಒಮ್ಮೆ ಮಗ ತನ್ನ ಕಂಪ್ಯೂಟರಿನಲ್ಲಿ ಅಂಥದೊಂದು ಮೂಕ ರಾಕ್ಷಸನನ್ನು ತೋರಿಸಿದ. ನನಗೆ ಹೆದರಿಕೆಯಾಗುವುದಿರಲಿ, ಹಲ್ಲುನೋವು ಬಂದ ಯಾರೋ ದೊಡ್ಡ ಮನುಷ್ಯರು ಆಕಳಿಸಿದ ಹಾಗೆ ಕಂಡಿತು.

ನಾನು ಮೂವತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿರುವವಳು. ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದೊಂದು ಬರುತ್ತದೆ. ನೀವೂ ಓದಿರುತ್ತೀರಿ: ದಬದಬ, ಧಗಧಗ, ಚಟಪಟ, ಗುಳುಗುಳು. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ಮಕ್ಕಳಿಗೆ ಬಹಳ ಇಷ್ಟ, ಏಕೆಂದರೆ ತರಗತಿಯಲ್ಲಿ ಅಧಿಕೃತವಾಗಿ ಸದ್ದು ಮಾಡಬಹುದಾದ ಪಾಠ ಅದೊಂದೇ. ಇದನ್ನು ಕೇಳಿ ನನ್ನ ಮಗರಾಯ, "ಅಮ್ಮಾ, ನಾನು ಮಾಡೋದೂ ಅದೇ ಕೆಲಸ. ನೀನು ಅಕ್ಷರದಲ್ಲಿ ಮಾಡ್ತೀಯ, ನಾನು ಚಪ್ಪಲೀಲಿ ಮಾಡ್ತೀನಿ" ಎಂದ.

ಚಪ್ಪಲಿಯ ಮಾತು ತಮಾಷೆಯದಲ್ಲ. ನಮ್ಮ ಮನೆಯಿಂದ ಸಾಮಾನುಗಳು ಕಾಣೆಯಾಗತೊಡಗಿದ್ದೇ ಚಪ್ಪಲಿಯಿಂದ. ಮೊದಲು ನಮ್ಮವರ ಹಳೆಯ ಚರ್ಮದ ಚಪ್ಪಲಿ, ಆಮೇಲೆ ಬಿದಿರಿನ ಮೊರ, ಹಿತ್ತಾಳೆ ಕೊಳದಪ್ಪಲೆ, ಅಟ್ಟದ ಮೇಲಿದ್ದ ಒರಳುಗುಂಡು. ಎಲ್ಲವೂ ಅವನ ಸ್ಟುಡಿಯೋ ಸೇರಿದವು. ಅಲ್ಲಿ ಒಂದು ಕೋಣೆ ಇದೆ. ಅದರ ನೆಲದಲ್ಲಿ ಒಂದೊಂದು ಚೌಕಕ್ಕೆ ಮಣ್ಣು, ಮರಳು, ಕಲ್ಲು, ಹಲಗೆ ಹಾಕಿಟ್ಟಿರುತ್ತಾರೆ. ಪರದೆಯ ಮೇಲೆ ನಟ ನಡೆದಂತೆಲ್ಲ ಇಲ್ಲೊಬ್ಬ ಮೈಕಿನ ಮುಂದೆ ಅದೇ ತಾಳಕ್ಕೆ ಹೆಜ್ಜೆ ಹಾಕುತ್ತಾನೆ. ಇದಕ್ಕೆ ಫೋಲಿ ಎನ್ನುತ್ತಾರೆ. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ, ಮಾತಿನ ಸಿನಿಮಾ ಆಗತಾನೇ ಬಂದ ಕಾಲದಲ್ಲಿ, ಈ ಕೆಲಸ ಮಾಡಿದ ಜ್ಯಾಕ್ ಫೋಲಿ ಎಂಬಾತನ ಹೆಸರೇ ಕೆಲಸಕ್ಕೂ ಅಂಟಿಕೊಂಡಿದೆ. ಆ ದೇಶದಲ್ಲಿ ಮೂಳೆ ಮುರಿಯುವ ಸದ್ದಿಗೆ ಸೆಲರಿ ಎಂಬ ಸೊಪ್ಪಿನ ದಂಟು ಮುರಿಯುತ್ತಾರಂತೆ. ನಮ್ಮವನು ನುಗ್ಗೆಕಾಯಿ, ಮೂಲಂಗಿ ಎಲ್ಲ ಮುರಿದು ನೋಡಿದ. ರಾಕ್ಷಸನ ಹೊಟ್ಟೆ ಸೀಳುವ ದೃಶ್ಯವೊಂದಕ್ಕೆ ಗಾಂಧಿ ಬಜಾರಿನಿಂದ ಒಂದಿಡೀ ಹಲಸಿನ ಹಣ್ಣು ಕೊಂಡುಹೋಗಿ, ಕೈಗೆ ಎಣ್ಣೆ ಸವರಿಕೊಂಡು ಮೈಕಿನ ಮುಂದೆ ಬಿಡಿಸಿದನಂತೆ. ಸಂಜೆ ತೊಳೆ ಮನೆಗೆ ಬಂತು. ನಾನು ಮುಟ್ಟಲಿಲ್ಲ. ನಮ್ಮವರು ಮಾತ್ರ, "ರಾಕ್ಷಸನ ಕರುಳು ಚೆನ್ನಾಗಿದೆ, ಸಿಹಿ" ಎಂದು ತಿಂದರು.

ಪ್ರತಿ ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಕಡಲೆಕಾಯಿ ಪರಿಷೆಗೂ ಅವನು ಪುಟ್ಟದೊಂದು ರೆಕಾರ್ಡರು ಹಿಡಿದು ಹೋಗುತ್ತಾನೆ. ನಾವೆಲ್ಲ ಕಡಲೆಕಾಯಿ ತಂದರೆ ಅವನು ಜನರ ಗದ್ದಲ ತುಂಬಿಕೊಂಡು ಬರುತ್ತಾನೆ. ಆ ಪೀಪಿ, ಚೌಕಾಸಿ, ತಪ್ಪಿಸಿಕೊಂಡ ಮಗುವಿನ ಅಳು ಎಲ್ಲ ಕಲಸಿ ದೂರದಿಂದ ಕೇಳಿಸಿದರೆ ಯಾವುದೋ ರಾಜನ ಸೈನ್ಯ. ಒಂದು ಸಿನಿಮಾದ ಕೋಟೆ ಮುತ್ತಿಗೆಯಲ್ಲಿ "ಸೇರಿಗೆ ಎಷ್ಟಮ್ಮ?" ಎಂಬ ದನಿ ತನಗೆ ಈಗಲೂ ಕೇಳಿಸುತ್ತದೆ ಎನ್ನುತ್ತಾನೆ. ಬೇರೆ ಯಾರಿಗೂ ಕೇಳಿಸಿಲ್ಲ.

ಇನ್ನು ರಾಕ್ಷಸನ ಗಂಟಲು. ಅದು ಒಂದು ಪ್ರಾಣಿಯದಲ್ಲ, ನಾಲ್ಕಾರು ಸೇರಿಸಿದ್ದು. ನಮ್ಮ ಸಾರಿನ ಪುಡಿಯ ಹಾಗೆ: ಒಂದು ಖಾರಕ್ಕೆ, ಒಂದು ಬಣ್ಣಕ್ಕೆ, ಒಂದು ಘಮಕ್ಕೆ. 1933ರ 'ಕಿಂಗ್ ಕಾಂಗ್' ಸಿನಿಮಾದ ದೈತ್ಯ ಗೊರಿಲ್ಲಾಕ್ಕೆ ಮರೀ ಸ್ಪಿವಾಕ್ ಎಂಬುವವರು ಸಿಂಹದ ಮತ್ತು ಹುಲಿಯ ಘರ್ಜನೆಗಳನ್ನು ಹಿಡಿದುತಂದು, ನಿಧಾನ ಮಾಡಿ, ಹಿಂದುಮುಂದಾಗಿ ತಿರುಗಿಸಿ ಬೆರೆಸಿದರು. ನಿಧಾನ ಮಾಡುವುದೇಕೆ ಎಂದು ಕೇಳಿದ್ದಕ್ಕೆ ಮಗ ಹೇಳಿದ್ದು ನನಗೆ ಚೆನ್ನಾಗಿ ಹತ್ತಿತು. ಒಂದು ಸದ್ದನ್ನು ಅರ್ಧ ವೇಗದಲ್ಲಿ ಓಡಿಸಿದರೆ ಅದು ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಮಧ್ಯದ ಷಡ್ಜ ಮಂದ್ರದ ಷಡ್ಜವಾಗುತ್ತದೆ. ಕೇಳಿದ ಕಿವಿ ತಾನಾಗಿಯೇ, ಇದು ದೊಡ್ಡ ಮೈಯಿಂದ ಬಂದದ್ದು ಎಂದು ತಿಳಿಯುತ್ತದೆ. ಪುಟ್ಟ ಗೆಜ್ಜೆಗೂ ದೇವಸ್ಥಾನದ ದೊಡ್ಡ ಗಂಟೆಗೂ ಇರುವ ವ್ಯತ್ಯಾಸವಷ್ಟೇ. ಇನ್ನೂ ಕೆಳಗಿಳಿಸುತ್ತ ಹೋದರೆ ಕಿವಿಗೆ ಕೇಳಿಸುವುದು ನಿಂತು ಎದೆಗೆ ತಟ್ಟುತ್ತದೆ. ಅಷ್ಟು ತಗ್ಗಿನ ಸದ್ದಿಗೆಂದೇ ಚಿತ್ರಮಂದಿರಗಳಲ್ಲಿ ಬೇರೆ ಸ್ಪೀಕರುಗಳಿರುತ್ತವೆ. ಕುರ್ಚಿ ನಡುಗಿದರೆ ಅದು ಅವುಗಳ ಕೆಲಸ.

1954ರಲ್ಲಿ ಜಪಾನಿನವರು 'ಗಾಡ್ಜಿಲ್ಲಾ' ತೆಗೆದಾಗ ಪ್ರಾಣಿಗಳ ಕೂಗು ಯಾವುದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಅದರ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ, ಆಳೆತ್ತರದ ಪಿಟೀಲಿನಂಥ ಡಬಲ್ ಬಾಸ್ ವಾದ್ಯದ ತಂತಿಯನ್ನು ಸಡಿಲಿಸಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿ ಆ ಕೂಗನ್ನು ಹೊರಡಿಸಿದರು. ರಾಳ ಎಂದ ಕೂಡಲೇ ನನಗೆ ನಮ್ಮೂರಿನ ಬಯಲಾಟ ನೆನಪಾಯಿತು.

ನನ್ನ ತವರು ಸಾಗರದ ಹತ್ತಿರದ ಹಳ್ಳಿ. ಗದ್ದೆ ಕೊಯ್ಲಾದ ಮೇಲೆ ಯಕ್ಷಗಾನದ ಮೇಳ ಬರುತ್ತಿತ್ತು. ನಡುರಾತ್ರಿ, ಮಕ್ಕಳೆಲ್ಲ ಚಾಪೆಯ ಮೇಲೆ ತೂಕಡಿಸುತ್ತಿರುವಾಗ, ರಾಕ್ಷಸ ಬರುವ ಹೊತ್ತು. ರಾಕ್ಷಸ ಕಣ್ಣಿಗೆ ಕಾಣುವುದಕ್ಕೆ ಎಷ್ಟೋ ಮೊದಲು ಕಿವಿಗೆ ಬರುತ್ತಿದ್ದ. ಚೌಕಿಯ ಕಡೆ ಕತ್ತಲಿನಿಂದ ಒಂದು ಆರ್ಭಟ. ಚೆಂಡೆ ಒಮ್ಮೆ ಏರಿ ತಟ್ಟನೆ ನಿಲ್ಲುತ್ತಿತ್ತು. ಮತ್ತೊಂದು ಆರ್ಭಟ, ಇನ್ನೂ ಹತ್ತಿರದಿಂದ. ಆಮೇಲೆ ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಏಳುವ ಬೆಂಕಿಯಲ್ಲಿ ಬಣ್ಣದ ವೇಷದ ಮುಖ! ಮುಖ ಕಂಡ ಮೇಲೆ ನನಗೆ ಧೈರ್ಯವೇ ಬರುತ್ತಿತ್ತು. ಹೆದರಿಕೆಯೆಲ್ಲ ಆ ಎರಡು ಆರ್ಭಟಗಳ ನಡುವೆ, ಚೆಂಡೆ ನಿಂತಾಗ. ಒಮ್ಮೆ ಅಪ್ಪನ ಬೆರಳು ಹಿಡಿದು ಚೌಕಿಗೆ ಹೋಗಿ ನೋಡಿದರೆ, ಅದೇ ರಾಕ್ಷಸ ಅರ್ಧ ಬಣ್ಣದಲ್ಲಿ ಕುಳಿತು, ಶೀತವಾಗಿ ಮೂಗು ಒರೆಸಿಕೊಳ್ಳುತ್ತ ಬಿಸಿನೀರು ಕುಡಿಯುತ್ತಿದ್ದರು. "ಗಂಟ್ಲು ಹಿಡ್ದದೆ ಮಾರಾಯ್ರೆ" ಎಂದು ಅಪ್ಪನ ಹತ್ತಿರ ಪಿಸುಗುಟ್ಟಿದರು. ಅರ್ಧ ಗಂಟೆಯಲ್ಲಿ ಅದೇ ಗಂಟಲಿನಿಂದ ಬಂದ ಕೂಗಿಗೆ ನಾನು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದ್ದೆ.

ನಮ್ಮ ಕನ್ನಡದ ಸಿನಿಮಾ ಮಾತು ಕಲಿತದ್ದೂ ರಾಕ್ಷಸರ ಮನೆಯಲ್ಲೇ ಎಂಬುದನ್ನು ಗಮನಿಸಿದ್ದೀರೋ ಇಲ್ಲವೋ. 1934ರಲ್ಲಿ ಬಂದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ರಾವಣನ ಸೊಸೆಯ ಕಥೆ. ಆರ್. ನಾಗೇಂದ್ರರಾಯರದೇ ರಾವಣ. 1983ರಲ್ಲಿ 'ಭಕ್ತ ಪ್ರಹ್ಲಾದ' ಬಂದಾಗ ನನಗೆ ಹದಿನಾಲ್ಕು. ರಾಜಕುಮಾರರ ಹಿರಣ್ಯಕಶಿಪು ಗುಡುಗಿದಾಗ ಸಾಗರದ ಟಾಕೀಸಿನ ಸ್ಪೀಕರು ಗರಗರ ಎಂದಿತ್ತು. ಆ ದನಿಗೆ ಹುಲಿ ಸಿಂಹ ಯಾವುದನ್ನೂ ಬೆರೆಸುವ ಅಗತ್ಯವಿರಲಿಲ್ಲ.

ಮದುವೆಯಾಗಿ ಎನ್.ಆರ್. ಕಾಲೋನಿಗೆ ಬಂದ ಮರುವರ್ಷ, 1994ರಲ್ಲಿ, ನಮ್ಮವರು ನನ್ನನ್ನು ದಂಡಿನ ಕಡೆಯ ಟಾಕೀಸಿಗೆ 'ಜುರಾಸಿಕ್ ಪಾರ್ಕ್' ತೋರಿಸಲು ಕರೆದುಕೊಂಡು ಹೋದರು. ಹೊರಟಾಗ ಅತ್ತೆಯವರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. "ಓತಿಕ್ಯಾತ ನೋಡೋಕೆ ದುಡ್ಡು ಕೊಟ್ಟು ಅಷ್ಟು ದೂರ ಹೋಗ್ತೀರೇನ್ರೋ? ಕಾಂಪೌಂಡ್ ಮೇಲೆ ದಿನಾ ಕೂತಿರತ್ತಲ್ಲೋ" ಎಂದರು. ಆ ಸಿನಿಮಾದಲ್ಲಿ ಲೋಟದ ನೀರು ನಡುಗುವುದು ನಿಮಗೆ ನೆನಪಿರಬಹುದು. ಓತಿಕ್ಯಾತ ಇನ್ನೂ ಬಂದಿಲ್ಲ; ಹೆಜ್ಜೆಯ ಸದ್ದು ಮಾತ್ರ. ಸಾಗರದ ಚೌಕಿಯ ಕತ್ತಲು ನನಗೆ ಅಲ್ಲಿ ಮತ್ತೆ ಸಿಕ್ಕಿತ್ತು.

ಅದರ ಗುಟ್ಟುಗಳನ್ನೆಲ್ಲ ಮಗ ಇತ್ತೀಚೆಗೆ ಹೇಳಿದ. ಆ ಸದ್ದುಗಳನ್ನು ಮಾಡಿದವರು ಗ್ಯಾರಿ ರಿಡ್‌ಸ್ಟ್ರಾಮ್. ದೊಡ್ಡ ಪ್ರಾಣಿಯ ಕೂಗಿನಲ್ಲಿ ಮುಖ್ಯವಾದದ್ದು ಒಂದು ಮರಿಯಾನೆಯ ಘೀಳು. ದೊಡ್ಡಾನೆಯದಲ್ಲ, ಮರಿಯದು. ಅದಕ್ಕೆ ಹುಲಿಯ, ಮೊಸಳೆಯ ದನಿ ಕೂಡಿಸಿದ್ದಾರೆ. ಉಸಿರಿಗೆ ತಿಮಿಂಗಿಲ. ಬೇಟೆಯನ್ನು ಕಚ್ಚಿ ಒದರುವ ಸದ್ದಿಗೆ ಅವರ ಮನೆಯ ಪುಟ್ಟ ನಾಯಿ ಹಗ್ಗದ ಆಟಿಕೆ ಕಚ್ಚಿ ಎಳೆದಾಡಿದ್ದು! ಸಣ್ಣ ಓತಿಕ್ಯಾತಗಳು ಒಂದನ್ನೊಂದು ಕರೆಯುವ ಕೂಗು ಯಾವುದು ಎಂದು ಕೇಳಿದರೆ ಮಗ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, "ಅದು... ಆಮೆಗಳು ಜೊತೆಯಾಗಿರುವಾಗಿನದು ಕಣಮ್ಮ" ಎಂದ. ನಾನು ಒಗ್ಗರಣೆ ಸೀದುಹೋಗುತ್ತಿದೆ ಎಂದು ಎದ್ದು ಹೋದೆ. ಆ ಸಿನಿಮಾಕ್ಕೆ ಸದ್ದಿನ ಎರಡು ಆಸ್ಕರ್ ಬಂದವು. ಆಮೆಗಳಿಗೆ ಯಾರಾದರೂ ತಿಳಿಸಿದರೋ ಇಲ್ಲವೋ.

ನಾಯಿಯ ವಿಷಯವನ್ನು ಮಗ ಹೇಳಿದ್ದು ಸುಮ್ಮನೆ ಅಲ್ಲ, ಒಂದು ವಾದಕ್ಕಾಗಿ. ಆ ವಾದಕ್ಕೆ ಬರಬೇಕಾದರೆ ಅತ್ತೆಯವರ ಗೊರಕೆಯ ವಿಷಯ ಹೇಳಬೇಕು.

ಅತ್ತೆಯವರು ಗಟ್ಟಿ ಮೈಕಟ್ಟಿನ, ನಗುಮುಖದ ಹೆಂಗಸು. ಹಗಲೆಲ್ಲ ಸಣ್ಣ ದನಿಯಲ್ಲಿ ದೇವರನಾಮ ಗುನುಗುತ್ತ ಓಡಾಡುತ್ತಿದ್ದವರು, ರಾತ್ರಿ ತಲೆ ದಿಂಬಿಗೆ ತಾಗಿದ್ದೇ ತಡ, ಮನೆಯ ಹೆಂಚು ಹಾರಿಹೋಗುವಂತೆ ಗೊರಕೆ ಹೊಡೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಎದ್ದು ಕುಳಿತುಬಿಟ್ಟಿದ್ದೆ. ಅವರಿಗೇ ಅದು ತಮಾಷೆ. "ನಮ್ಮದು ಕುಂಭಕರ್ಣನ ವಂಶ ಕಣೇ" ಎನ್ನುತ್ತಿದ್ದರು. ರಾಮಾಯಣದಲ್ಲಿ ಕುಂಭಕರ್ಣನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ರಭಸಕ್ಕೆ ಒಳಗೆ ಕಾಲಿಡಲಾರದೆ ತತ್ತರಿಸಿದರಲ್ಲ, ಆ ಭಾಗವನ್ನು ಮೊಮ್ಮಗನಿಗೆ ಅಭಿನಯಿಸಿ ಹೇಳುತ್ತಿದ್ದರು. ಅವನು ರಾಕ್ಷಸನಾಗಿ ಬಾಗಿಲಿನಿಂದ ಬರುವುದು, ಇವರು ಬುಸ್ಸೆನ್ನುವುದು, ಅವನು ಹಿಂದಕ್ಕೆ ಬೀಳುವುದು. ಹೀಗೆ ದಿನಕ್ಕೆ ಹತ್ತು ಸಲ.

ವಯಸ್ಸಾದಂತೆ ಆ ಗೊರಕೆಯ ರೀತಿ ಬದಲಾಯಿತು. ಏರುತ್ತ ಏರುತ್ತ ಹೋಗಿ ತಟ್ಟನೆ ನಿಂತುಬಿಡುತ್ತಿತ್ತು. ಗೊರಕೆ ಮಾತ್ರವಲ್ಲ, ಉಸಿರೇ. ಮನೆಯೆಲ್ಲ ನಿಶ್ಶಬ್ದ. ಆಮೇಲೆ ನೀರಿನಿಂದ ಮೇಲಕ್ಕೆದ್ದವರ ಹಾಗೆ ಒಂದು ದೊಡ್ಡ ಏದುಸಿರು, ಮತ್ತೆ ಗೊರಕೆ. ಡಾಕ್ಟರು ಇದಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು ಹೇಳಿ, ಮೂಗಿಗೆ ಮುಖವಾಡ ಹಾಕಿ ಗಾಳಿ ಊದುವ ಯಂತ್ರವೊಂದನ್ನು ಬರೆದುಕೊಟ್ಟರು. ಅತ್ತೆಯವರು ಎರಡು ರಾತ್ರಿ ಹಾಕಿಕೊಂಡು, "ಆನೆ ಸೊಂಡಿಲು ಇಟ್ಕೊಂಡು ಮಲಗೋಕಾಗುತ್ತಾ, ನಂಗೆ ಬೇಡಪ್ಪ" ಎಂದು ಪೆಟ್ಟಿಗೆಗೆ ಸೇರಿಸಿದರು. ಅಂದಿನಿಂದ ನಮ್ಮವರಿಗೊಂದು ಅಭ್ಯಾಸವಾಯಿತು. ಗೊರಕೆ ನಿಂತೊಡನೆ ಕತ್ತಲಲ್ಲೇ ಎಣಿಸುವುದು. ಒಂದು, ಎರಡು, ಮೂರು... ಹತ್ತಕ್ಕೋ ಹನ್ನೊಂದಕ್ಕೋ ಏದುಸಿರು ಬಂದರೆ ಮಗ್ಗುಲು ಬದಲಾಯಿಸುವುದು. ನಾನೂ ಎದ್ದೇ ಇರುತ್ತಿದ್ದೆ, ಆದರೆ ಎಣಿಸುತ್ತಿರಲಿಲ್ಲ. ನನ್ನ ತಲೆಯಲ್ಲಿ ಬೆಳಗಿನ ಡಬ್ಬಿ, ಒಂಬತ್ತೂವರೆಯ ಪ್ರಾರ್ಥನೆ, ತಿದ್ದದೆ ಉಳಿದ ಉತ್ತರಪತ್ರಿಕೆಗಳು ಇರುತ್ತಿದ್ದವು.

2020ರ ಫೆಬ್ರವರಿಯಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ, ಅತ್ತೆಯವರು ನಿದ್ದೆಯಲ್ಲೇ ಹೋದರು. ಆ ರಾತ್ರಿ ನಮ್ಮಿಬ್ಬರಿಗೂ ಒಳ್ಳೆಯ ನಿದ್ದೆ ಹತ್ತಿಬಿಟ್ಟಿತ್ತು. ಎಣಿಸಲು ಯಾರೂ ಎದ್ದಿರಲಿಲ್ಲ.

ಮಗ ಎರಡು ವರ್ಷ ದುಡಿದ ದೊಡ್ಡ ಸಿನಿಮಾ ಬಿಡುಗಡೆಯಾದದ್ದು ಅದಾಗಿ ಮೂರೂವರೆ ವರ್ಷದ ಮೇಲೆ. ಹೆಸರು ಬೇಡ, ಐದು ಭಾಷೆಗಳಲ್ಲಿ ಬಂದದ್ದು. ಬನಶಂಕರಿಯ ಕಡೆಯ ಮಾಲಿನಲ್ಲಿ ನಮ್ಮಿಬ್ಬರಿಗೂ ಟಿಕೇಟು ತೆಗೆಸಿಕೊಟ್ಟಿದ್ದ. ಅವನು ಬರಲಿಲ್ಲ. ತನ್ನ ಕೆಲಸ ತಾನೇ ಕೇಳಲಾರೆ ಎಂದ. ನನ್ನ ಅಭಿಪ್ರಾಯ ಕೇಳಿದರೆ ಈಗಿನ ಸಿನಿಮಾಗಳಲ್ಲಿ ಸದ್ದು ಅತಿಯಾಯಿತು. ಹಾಡೂ ಕೂಗುತ್ತದೆ, ಹೀರೋ ಕೂಗುತ್ತಾನೆ, ಬಾಗಿಲು ತೆರೆದರೂ ಸಿಡಿಲು. ಎಲ್ಲರೂ ಕೂಗುವ ತರಗತಿಯಲ್ಲಿ ಯಾರೂ ಮೇಷ್ಟರಿಗೆ ಹೆದರುವುದಿಲ್ಲ ಎಂಬುದು ನನ್ನ ಅನುಭವ. ಮಗನೂ ಇದನ್ನು ಒಪ್ಪುತ್ತಾನೆ. ಕೊನೆಯಲ್ಲಿ ಮಾತು, ಸಂಗೀತ, ಸದ್ದು ಮೂರನ್ನೂ ಕೂಡಿಸುವ ಮಿಕ್ಸಿಂಗ್ ಎಂಬ ಘಟ್ಟವಿದೆಯಂತೆ. ಅಲ್ಲಿ ಮೂರು ಓರಗಿತ್ತಿಯರು ಒಂದೇ ಒಲೆಗೆ ಕಿತ್ತಾಡಿದ ಹಾಗೆ. ತಾನು ಮೂರು ತಿಂಗಳು ಕೂತು ಮಾಡಿದ ಹೆಜ್ಜೆಗಳ ಮೇಲೆ ಡೋಲು ಸುರಿದುಬಿಟ್ಟರು ಎಂದು ಒಂದು ದಿನ ಊಟ ಬಿಟ್ಟಿದ್ದ.

ಆದರೆ ಆ ಸಿನಿಮಾದಲ್ಲಿ ಒಂದು ಜಾಗದಲ್ಲಿ ಸಂಗೀತವೇ ಇರಲಿಲ್ಲ. ಹೀರೋ ಮತ್ತು ಒಬ್ಬ ಹುಡುಗ ಗುಹೆಯೊಳಗೆ ಹೋಗುತ್ತಾರೆ. ಒಳಗೆ ರಾಕ್ಷಸ ಮಲಗಿದ್ದಾನೆ. ಕಾಣುವುದಿಲ್ಲ, ಉಸಿರು ಮಾತ್ರ ಕೇಳಿಸುತ್ತದೆ. ಭಾರವಾದ, ಗುಹೆಯಷ್ಟೇ ದೊಡ್ಡ ಉಸಿರು. ನಮ್ಮ ಎಡಕ್ಕೆ, ಬಲಕ್ಕೆ, ತಲೆಯ ಮೇಲೆ. ಈಗಿನ ಚಿತ್ರಮಂದಿರಗಳಲ್ಲಿ ಮಾಳಿಗೆಯಲ್ಲೂ ಸ್ಪೀಕರು ಇರುತ್ತವೆ. ಉಸಿರು ಏರುತ್ತದೆ, ಏರುತ್ತದೆ, ತಟ್ಟನೆ ನಿಲ್ಲುತ್ತದೆ. ಹುಡುಗ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಲ್ಲುತ್ತಾನೆ. ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ಜಗಿಯುವವರೂ ಬಾಯಿ ನಿಲ್ಲಿಸಿದರು. ಅಷ್ಟೊಂದು ಜನ ಉಸಿರು ಬಿಗಿಹಿಡಿದು ಕಾದರು. ಆ ನಿಶ್ಶಬ್ದದಲ್ಲಿ ನನ್ನ ಪಕ್ಕದಿಂದ ಮೆಲ್ಲಗೆ ಒಂದು ದನಿ: "...ಐದು, ಆರು, ಏಳು..."

ನಮ್ಮವರು ಎಣಿಸುತ್ತಿದ್ದರು. ತಾವು ಎಣಿಸುತ್ತಿರುವುದು ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ನನ್ನ ಮೈ ಜುಮ್ಮೆಂದಿತು. ಆಮೇಲೆ ಆ ಏದುಸಿರು. ಎಷ್ಟೇ ಹಿಗ್ಗಿಸಿ, ಎಷ್ಟೇ ಕೆಳಗಿಳಿಸಿ, ಯಾವ ಹುಲಿ ಕರಡಿಯನ್ನು ಬೆರೆಸಿದ್ದರೂ ಅದರ ಕೊನೆಯಲ್ಲಿ ಗಂಟಲು ಕಚ್ಚಿದ ಹಾಗೆ ಬರುವ ಆ ಸಣ್ಣ ಕಟ್ಟು ನಮಗೆ ಗೊತ್ತಿಲ್ಲದ್ದೇ? ಸುತ್ತ ಹುಡುಗರು ಕಿರುಚಿ ನಕ್ಕರು. ಉಳಿದ ಸಿನಿಮಾ ನನಗೆ ನೆನಪಿಲ್ಲ.

ಆಟೋದಲ್ಲಿ ಇಬ್ಬರೂ ಮಾತಾಡಲಿಲ್ಲ. ನ್ಯಾಷನಲ್ ಕಾಲೇಜು ದಾಟುವಾಗ ನಮ್ಮವರು, "ಹದಿನಾಲ್ಕು ಬಂತು. ಅಮ್ಮಂದು ಹನ್ನೆರಡು ದಾಟ್ತಾ ಇರ್ಲಿಲ್ಲ" ಎಂದರು.

ರಾತ್ರಿ ಮಗ ಬಂದಾಗ ಅವರು ಕೇಳಿದ್ದು ಒಂದೇ ಮಾತು. "ನಮ್ಮಮ್ಮನ್ನ ರಾಕ್ಷಸಿ ಮಾಡ್ಬಿಟ್ಯಲ್ಲೋ?"

ಅವನು ಅಡಗಿಸಿಡಲಿಲ್ಲ. 2018ರಲ್ಲಿ, ಪರಿಷೆ ಮುಗಿದ ಮರುರಾತ್ರಿ, ಹೊಸ ರೆಕಾರ್ಡರನ್ನು ಅಜ್ಜಿಯ ಮಂಚದ ಹತ್ತಿರ ಇಟ್ಟಿದ್ದನಂತೆ. ಆಗ ಯಾವ ಸಿನಿಮಾವೂ ಮನಸ್ಸಿನಲ್ಲಿರಲಿಲ್ಲ. ಈ ಗುಹೆಯ ದೃಶ್ಯಕ್ಕೆ ಸಿಂಹ, ಕರಡಿ, ಒಂಟೆ ಎಲ್ಲ ಹಾಕಿ ನೋಡಿದರೂ ನಿರ್ದೇಶಕರಿಗೆ ಸಾಲದಾದಾಗ ಇದು ನೆನಪಾಯಿತು. "ಮೃಗ ಮಲಗಿದ್ರೆ ಯಾರೂ ಹೆದರೋಲ್ಲಪ್ಪ. ಮನುಷ್ಯರ ಉಸಿರು ನಿಂತ್ರೆ ಹೆದರ್ತಾರೆ. ನಾವೆಲ್ಲ ಹೆದರ್ತಿದ್ವಲ್ಲ" ಎಂದ. ಆ ನಿಶ್ಶಬ್ದವನ್ನು ಎರಡು ಸೆಕೆಂಡು ಉದ್ದ ಮಾಡಿದ್ದೂ ತಾನೇ ಎಂದು ಒಪ್ಪಿಕೊಂಡ. ರಿಡ್‌ಸ್ಟ್ರಾಮ್ ಅವರ ನಾಯಿಯ ಕಥೆ ಬಂದದ್ದು ಆಗಲೇ: ಮನೆಯವರ ಮೇಲಿನ ಪ್ರೀತಿಯಿಂದಲೇ ಅಲ್ಲವೇ, ದ್ವೇಷದಿಂದಲ್ಲವಲ್ಲ. "ನಾಯಿಗೂ ನಮ್ಮಮ್ಮನಿಗೂ ಸಮ ಮಾಡ್ತೀಯಾ?" ಎಂದು ನಮ್ಮವರು ಎದ್ದು ಹೋದರು. ಕುಂಭಕರ್ಣನ ವಂಶ ಎಂದು ಅಜ್ಜಿಯೇ ಹೇಳುತ್ತಿದ್ದರಲ್ಲ ಎಂದು ಮಗ ನನ್ನ ಕಡೆ ನೋಡಿದ. ನಾನು ಯಾರ ಕಡೆಯೂ ಮಾತಾಡಲಿಲ್ಲ.

ಮಾತಾಡುವುದು ಸುಲಭವೂ ಆಗಿರಲಿಲ್ಲ. 2022ರಲ್ಲಿ 'ಕಾಂತಾರ' ಬಂದಾಗ ನಮ್ಮ ಶಾಲೆಯ ಹುಡುಗರು ಕಾರಿಡಾರಿನಲ್ಲೆಲ್ಲ ದೈವದ ಆ ಕೂಗನ್ನು ಕೂಗುತ್ತಿದ್ದರು. ಅದನ್ನು ಅನುಕರಿಸಬೇಡಿ, ಅದು ನಂಬಿಕೆಯ ವಿಷಯ ಎಂದು ಚಿತ್ರತಂಡದವರೇ ಕೇಳಿಕೊಂಡಿದ್ದರು. ನಾನೂ ತರಗತಿಯಲ್ಲಿ, ಎಲ್ಲ ಸದ್ದೂ ಆಟದ ಸಾಮಾನಲ್ಲ ಎಂದು ದೊಡ್ಡದಾಗಿ ಉಪದೇಶ ಮಾಡಿದ್ದೆ. ಈಗ ಅದೇ ಮಾತು ಮನೆಯೊಳಗೆ ಬಂದು ಕುಳಿತಿತ್ತು. ಸತ್ತವರ ಉಸಿರನ್ನು, ಅವರ ಒಪ್ಪಿಗೆ ಕೇಳದೆ, ಟಿಕೇಟಿಗೆ ಮಾರಬಹುದೇ? ಮತ್ತೊಂದು ಕಡೆ, ಅತ್ತೆಯವರ ಫೋಟೋ ಗೋಡೆಯ ಮೇಲಿದೆ, ಸೀರೆ ಪೆಟ್ಟಿಗೆಯಲ್ಲಿದೆ. ಅವರ ಉಸಿರು ಈ ಲೋಕದಲ್ಲಿ ಉಳಿದಿದ್ದರೆ ಆ ರಾಕ್ಷಸನ ಮೂಗಿನಲ್ಲಿ ಮಾತ್ರ. ನಾನು ಅದನ್ನು ಕೇಳಲು ಒಬ್ಬಳೇ ಮತ್ತೊಮ್ಮೆ ಹೋಗಿಬಂದೆ ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಸ್ಕೂಲಿನಲ್ಲಿ ಮೀಟಿಂಗು ಎಂದು ಸುಳ್ಳು ಹೇಳಿ ಹೋದೆ.

ಹತ್ತು ದಿನ ಅಪ್ಪ ಮಗ ಮಾತು ಬಿಟ್ಟರು. ಹನ್ನೊಂದನೆಯ ದಿನ ರಾತ್ರಿ ಊಟವಾದ ಮೇಲೆ ನಮ್ಮವರು ಕೈ ಒರೆಸಿಕೊಳ್ಳುತ್ತ, ಗೋಡೆಗೆ ಹೇಳುವವರ ಹಾಗೆ, "ಆ ಮೊದಲಿನ ರೆಕಾರ್ಡಿಂಗು ಇದೆಯೇನೋ, ಏನೂ ಮಾಡದೇ ಇರೋದು?" ಎಂದರು.

ಮಗ ಲ್ಯಾಪ್‌ಟಾಪು ತಂದ. ತೆರೆಯುವ ಮೊದಲು ನನ್ನ ಮುಖ ನೋಡಿದ. "ಕ್ಲೀನ್ ಮಾಡಿರೋದು ಹಾಕ್ಲಾ, ಪೂರ್ತಿ ಇರೋದು ಹಾಕ್ಲಾ ಅಮ್ಮ? ಪೂರ್ತೀಲಿ ಫ್ಯಾನು, ಗಡಿಯಾರ, ರಸ್ತೆ ಆಟೋ ಎಲ್ಲ ಇದೆ." ಸ್ವಲ್ಪ ತಡೆದು, "ಮಾತೂ ಇದೆ" ಎಂದ. ಸಿನಿಮಾಕ್ಕೆ ಬಳಸುವ ಮೊದಲು ಬೇಡದ್ದನ್ನೆಲ್ಲ ಹೀಗೆ ಆರಿಸಿ ತೆಗೆಯುತ್ತಾರೆ, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ಅವನ ನೋಟದ ಅರ್ಥ ನನಗೆ ಆಗ ಆಗಲಿಲ್ಲ. ಪೂರ್ತಿಯೇ ಹಾಕು ಎಂದೆ.

ನಲವತ್ತು ನಿಮಿಷದ್ದು. ಮೂವರೂ ಊಟದ ಮೇಜಿನ ಸುತ್ತ ಕುಳಿತೆವು. ಮೊದಲು ಫ್ಯಾನಿನ ಕಿರಕಿರ, ಹಜಾರದ ಗಡಿಯಾರ. ಆಮೇಲೆ ಅತ್ತೆಯವರು. ರಾಕ್ಷಸನ ಮುಂದೆ ಈ ಗೊರಕೆ ಎಷ್ಟು ಚಿಕ್ಕದಾಗಿ, ಎಷ್ಟು ಬಡವಾಗಿ ಕೇಳಿಸಿತೆಂದರೆ ನನಗೆ ಅಳು ಬಂತು. ಇದಕ್ಕೇ ಹೆಂಚು ಹಾರಿಹೋಗುತ್ತದೆ ಎನ್ನುತ್ತಿದ್ದೆನೇ? ಗೊರಕೆ ನಿಂತಾಗ ಒಳಕೋಣೆಯಿಂದ ನಮ್ಮವರು ಎಣಿಸುವುದೂ ಅಸ್ಪಷ್ಟವಾಗಿ ಕೇಳಿತು. ತಮ್ಮ ದನಿ ತಾವೇ ಕೇಳಿ ಅವರು ತಲೆ ತಗ್ಗಿಸಿದರು. ಅರ್ಧಕ್ಕೂ ಸ್ವಲ್ಪ ಮುಂದೆ, ಬಚ್ಚಲಿನ ಬಾಗಿಲ ಸದ್ದು, ಲೋಟದ ಸದ್ದು, ಹಜಾರ ದಾಟುವ ಹೆಜ್ಜೆ. ನಾನು ನೀರಿಗೆ ಎದ್ದವಳಿರಬೇಕು. ಆಮೇಲೆ ನನ್ನ ದನಿ, ರೆಕಾರ್ಡರಿನ ಪಕ್ಕದಲ್ಲೇ, ಸ್ಪಷ್ಟವಾಗಿ:

"ಯಾವತ್ತಪ್ಪಾ ನಿಲ್ಲುತ್ತೆ ಇದು."

ಮೇಜಿನ ಮೇಲಿದ್ದ ನನ್ನ ಕೈ ನನಗೆ ಯಾರದೋ ಎನ್ನಿಸಿತು. ಮಗ ನಿಲ್ಲಿಸಲು ಹೋದ. ಬೇಡ ಎಂದು ನಾನೇ ತಡೆದೆ. ನಮ್ಮವರು ನನ್ನ ಕಡೆ ನೋಡಲಿಲ್ಲ. ಹೆಜ್ಜೆಗಳು ದೂರವಾದವು. ಗೊರಕೆ ಇರಲಿಲ್ಲ. ಎಷ್ಟೋ ಹೊತ್ತು ಗಡಿಯಾರ ಮಾತ್ರ. ಆಮೇಲೆ ಅತ್ತೆಯವರ ದನಿ. ನಿದ್ದೆಯ ದನಿಯಲ್ಲ, ಎಚ್ಚರದ ದನಿ.

"ಮರೀ, ಆ ಬಾಗಿಲು ಸ್ವಲ್ಪ ಮುಂದಕ್ಕೆ ಮಾಡೋ. ಪಾಪ, ಬೆಳಗಾದ್ರೆ ಅವಳಿಗೆ ಸ್ಕೂಲಿದೆ."

ಬಾಗಿಲು ಕಿರ್ರೆಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಗೊರಕೆ ಶುರುವಾಯಿತು. ಕೊನೆಯವರೆಗೂ ಕೇಳಿದೆವು. ಮುಗಿದ ಮೇಲೆ ನಮ್ಮವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಆ ಬಾಗಿಲಿನ ಹತ್ತಿರದಿಂದ ಇನ್ನೊಂದ್ಸಲ ಹಾಕೋ" ಎಂದರು.